ನಲ್ಲಿಕಟ್ಟೆಯ ಇಂಗ್ಲಿಷು

ಚಳ್ಳಕೆರೆಯಲ್ಲಿ ನಡೆದ ಇಂಗ್ಲಿಷ್ ಶಿಕ್ಷಕರ ತರಬೇತಿಯ ಎರಡನೇ ದಿನ ನಾನು ಎದ್ದು ನಿಂತು, ಮುಂದೆ ಮಾತಾಡುತ್ತಿದ್ದ ದೊಡ್ಡ ಮೇಷ್ಟ್ರಿಗೆ, “ಸಾರ್, ನಿಮ್ಮ ಪುಸ್ತಕ ಪೂರ್ತಿ ಬಾಯಿಗೆ ಬರುತ್ತೆ. ಇಂಗ್ಲಿಷ್ ಬರಲಿಲ್ಲ” ಎಂದೆ.

ಅವರು ಅಷ್ಟು ಹೊತ್ತು ಹೇಳುತ್ತಿದ್ದದ್ದು, ತರಗತಿಯಲ್ಲಿ ಮಕ್ಕಳು ಮಾತಾಡಬೇಕು, ಮಾತಾಡಿದರೆ ಮಾತ್ರ ಭಾಷೆ ಬರುತ್ತದೆ ಎಂದು. ನನಗೆ ಸಿಟ್ಟು ಬಂದದ್ದು ಅದಕ್ಕೇ. ತೊಂಬತ್ತರ ದಶಕದಲ್ಲಿ ಅದೇ ಚಳ್ಳಕೆರೆಯ ಕನ್ನಡ ಶಾಲೆಯಲ್ಲಿ, ಐದನೇ ತರಗತಿಗೆ ಎಬಿಸಿಡಿ ಕಲಿತು, ನಾನು ಓದಿದ ಇಂಗ್ಲಿಷ್ ಪುಸ್ತಕಗಳ ಮೊದಲ ಪುಟದಲ್ಲಿ ಇದ್ದದ್ದು ಇವರದೇ ಹೆಸರು. ಆ ಸಭಾಂಗಣದಲ್ಲಿ ಕೂತಿದ್ದವರಲ್ಲಿ ಮುಕ್ಕಾಲು ಪಾಲು ಜನ ಇವರ ಪುಸ್ತಕ ಓದಿಯೇ ಮೇಷ್ಟ್ರಾದವರು; ಉಳಿದವರು ಇವರು ತಯಾರು ಮಾಡಿದ ತರಬೇತುದಾರರಿಂದ ತರಬೇತಿ ಪಡೆದವರು. ನಿವೃತ್ತರಾಗಿ ವರ್ಷಗಳಾಗಿದ್ದರೂ ರಾಜ್ಯದ ಯಾವ ಮೂಲೆಗೆ ಹೋದರೂ ಶಾಲು ಹೊದಿಸಿಕೊಂಡೇ ಹಿಂದಿರುಗುವ ಮನುಷ್ಯ. ನಾನೋ, ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪರವಾಗಿಯೂ ವಿರೋಧವಾಗಿಯೂ ಮಾತಾಡಿ ಬಹುಮಾನದ ಕಪ್ ತಂದು ಅವ್ವನ ಹಿಟ್ಟಿನ ಡಬ್ಬಿಗಳ ಪಕ್ಕ ಇಟ್ಟಿದ್ದವಳು. ಮೊಳಕಾಲ್ಮುರಿನ ಒಂದು ಖಾಸಗಿ ಪ್ರೌಢಶಾಲೆಗೆ ಸೇರಿ ಆಗಷ್ಟೇ ಒಂದು ವರ್ಷ ತುಂಬಿತ್ತು.

“ಏನು ಹಾಗಂದ್ರೆ?” ಎಂದರು ಅವರು. ಗದರಲಿಲ್ಲ.

“ಎಂಟನೇ ತರಗತಿ ಪುಸ್ತಕದಿಂದ ಯಾವ ಪ್ರಶ್ನೆಯಾದರೂ ಕೇಳಿ ಸಾರ್. ಪೂರ್ತಿ ಬೇಡ. ಮೊದಲ ಎರಡು ಪದ ಸಾಕು.”

ಅವರಿಗೂ ಕುತೂಹಲವಾಗಿರಬೇಕು. “ನಾಲ್ಕನೇ ಪಾಠ. ವೈ ಡಿಡ್...” ಎಂದರು.

“ದ ಬೋಟ್‌ಮನ್ ರಿಫ್ಯೂಸ್ಡ್ ಟು ಕ್ರಾಸ್ ದ ರಿವರ್ ಬಿಕಾಸ್ ದ ಸ್ಕೈ ವಾಸ್ ಡಾರ್ಕ್.” ಉಸಿರು ಬಿಡದೆ ಹೇಳಿದೆ. ನದಿಯನ್ನಾಗಲಿ ದೋಣಿಯನ್ನಾಗಲಿ ಕಾಣದ ಊರಿನಲ್ಲಿ ಎಷ್ಟು ಸಾವಿರ ಸಲ ಆ ಅಂಬಿಗ ಹೊಳೆ ದಾಟಲಾರೆ ಅಂದನೋ!

“ಹೂ ಈಸ್...”

“ದ ಬೋಟ್‌ಮನ್ಸ್ ಎಲ್ಡೆಸ್ಟ್ ಸನ್.”

ಸಭಾಂಗಣ ನಕ್ಕಿತು, ಚಪ್ಪಾಳೆಯೂ ಬಿತ್ತು. ನಾನು ಮುಗಿಸಿದೆ: “ಒಬ್ಬ ಮನುಷ್ಯನ ಜೊತೆ ಇಂಗ್ಲಿಷಿನಲ್ಲಿ ಒಂದು ವಾಕ್ಯ ಮಾತಾಡಿದ್ದು ಕಾಲೇಜಿಗೆ ಹೋದ ಮೇಲೆ ಸಾರ್. ಅಲ್ಲಿವರೆಗೆ ನನ್ನ ಇಂಗ್ಲಿಷೆಲ್ಲ ಆ ಅಂಬಿಗನ ಜೊತೆಗೇ.”

ಅವರು ಕನ್ನಡಕ ತೆಗೆದು ಒರೆಸಿಕೊಂಡರು. “ಈಗ ಎಲ್ಲಿ ಪಾಠ ಮಾಡ್ತೀಯಮ್ಮಾ?”

“ಮೊಳಕಾಲ್ಮುರಲ್ಲಿ.”

“ಅಲ್ಲಿ ಮಕ್ಕಳಿಗೆ ಈ ಎರಡು ಪದದ ವಿದ್ಯೆ ಹೇಳಿಕೊಟ್ಟಿಲ್ಲ ತಾನೆ?”

ಎದುರಾಳಿಯ ಕತ್ತಿಯನ್ನೇ ಕಿತ್ತು ಅವನ ಕಡೆ ತಿರುಗಿಸುವುದು ಚರ್ಚಾಸ್ಪರ್ಧೆಯ ಹಳೆಯ ವರಸೆ. ನನಗೆ ಅದು ಗೊತ್ತಿತ್ತು. ಆದರೂ ಸಿಕ್ಕಿಬಿದ್ದೆ. “ಹೇಳಿಕೊಟ್ಟಿದ್ದೀನಿ ಸಾರ್. ಮಕ್ಕಳು ಪಾಸಾಗಬೇಕಲ್ಲ?”

“ಸೋಮವಾರ ಬರ್ತೀನಿ” ಎಂದರು. “ನೀನು ಪಾಠ ಮಾಡು. ನಾನು ಸುಮ್ಮನೆ ಕೂತಿರ್ತೀನಿ.”

ದೊಡ್ಡವರು ಹೇಳುವ ಸೋಮವಾರ ಯಾವ ಕ್ಯಾಲೆಂಡರಿನಲ್ಲೂ ಇರುವುದಿಲ್ಲ ಎಂದುಕೊಂಡು ನಾನು ಮರೆತೆ. ಆದರೆ ಆ ಸೋಮವಾರ ಚಳ್ಳಕೆರೆಯಿಂದ ತಳಕಿನ ಮೇಲೆ ಬರುವ ಖಾಸಗಿ ಬಸ್ಸಿನಿಂದ ಅವರು ಇಳಿದರು. ಸುದ್ದಿ ತಿಳಿದ ನಮ್ಮ ಮುಖ್ಯೋಪಾಧ್ಯಾಯರು ಅಂಗಿಯ ಗುಂಡಿ ಹಾಕಿಕೊಳ್ಳುತ್ತಲೇ ಓಡಿಬಂದು, ನಮ್ಮ ಶಾಲೆಯಲ್ಲಿದ್ದ ಒಂದೇ ಒಂದು ಕೈಕುರ್ಚಿಯನ್ನು ತರಗತಿಯ ಮುಂದೆ ಹಾಕಿಸಿದರು. ದೊಡ್ಡ ಮೇಷ್ಟ್ರು ಕುರ್ಚಿ ದಾಟಿಕೊಂಡು ಹೋಗಿ ಕೊನೆ ಬೆಂಚಿನಲ್ಲಿ ಕೂತರು. ಆ ಬೆಂಚಿನ ಒಂದು ಹಲಗೆ ಮುರಿದಿತ್ತು. ಚೀಲದಿಂದ ಒಂದು ಜರಿ ಶಾಲು ತೆಗೆದು ನಾಲ್ಕು ಮಡಿಕೆ ಮಾಡಿ ಕೆಳಗೆ ಹಾಕಿಕೊಂಡು, “ಇಷ್ಟು ವರ್ಷಕ್ಕೆ ಉಪಯೋಗಕ್ಕೆ ಬಂತು” ಎಂದರು.

ನಾನು ಅದೇ ನಾಲ್ಕನೇ ಪಾಠ ಮಾಡಿದೆ. ಬೇಕೆಂದೇ. ಓದಿದೆ, ವಾಕ್ಯ ವಾಕ್ಯಕ್ಕೂ ಕನ್ನಡದಲ್ಲಿ ಅರ್ಥ ಹೇಳಿದೆ, ತೆಲುಗು ಮನೆಯ ಮಕ್ಕಳಿಗೆ ಅಲ್ಲಲ್ಲಿ ತೆಲುಗಿನಲ್ಲೂ ಹೇಳಿದೆ, ಅಂಬಿಗನಂತೆ ಅಭಿನಯಿಸಿದೆ. ನನ್ನ ಮಾತು ಚೆನ್ನಾಗಿತ್ತು. ಅದರಲ್ಲಿ ನನಗೆ ಆಗಲೂ ಅನುಮಾನವಿರಲಿಲ್ಲ, ಈಗಲೂ ಇಲ್ಲ. ಗಂಟೆ ಹೊಡೆಯಲು ಐದು ನಿಮಿಷವಿರುವಾಗ ಅವರು ಕೈಯೆತ್ತಿ, ಒಂದು ಪ್ರಶ್ನೆ ಕೇಳಬಹುದೇ ಎಂದರು. ತರಗತಿಯ ಕಡೆ ತಿರುಗಿ ನಿಧಾನವಾಗಿ, ಒಂದೊಂದೇ ಪದ ಬಿಡಿಸಿ ಕೇಳಿದರು: “ಹೂ ಈಸ್ ಸಿಟಿಂಗ್ ನಿಯರ್ ದ ವಿಂಡೋ?”

ಐವತ್ತು ಮಕ್ಕಳು ಒಂದೇ ಕೊರಳಿನಲ್ಲಿ ಕೂಗಿದರು: “ದ ಬೋಟ್‌ಮನ್ಸ್ ಎಲ್ಡೆಸ್ಟ್ ಸನ್!”

ಕಿಟಕಿಯ ಪಕ್ಕ ಕೂತಿದ್ದ ಹುಡುಗಿಯೂ ಕೂಗಿದಳು. ಯಾರೂ ನಗಲಿಲ್ಲ. ನಗುವಂಥದ್ದೇನೋ ಆಗಿದೆ ಎಂದು ಒಂದು ಮಗುವಿಗೂ ಗೊತ್ತಾಗಲಿಲ್ಲ.

ಅವರು ತಮ್ಮ ನೋಟ್‌ಬುಕ್ಕನ್ನು ನನ್ನ ಕಡೆ ತಿರುಗಿಸಿದರು. ಪುಟದ ನಡುವೆ ಒಂದು ಗೆರೆ. ಎಡಗಡೆ ಮೇಷ್ಟ್ರ ಮಾತು, ಬಲಗಡೆ ಮಕ್ಕಳ ಮಾತು. ಯಾರು ಬಾಯಿ ಬಿಟ್ಟರೂ ಒಂದು ಗೀಟು. ನನ್ನ ಕಡೆ ಗೀಟು ತುಂಬಿ ಪುಟ ಕಪ್ಪಾಗಿತ್ತು. ಮಕ್ಕಳ ಕಡೆ, ಅವರು ಪ್ರಶ್ನೆ ಕೇಳುವವರೆಗೆ, ಹನ್ನೊಂದು. ಹನ್ನೊಂದೂ “ಎಸ್ ಮಿಸ್”.

“ಸಾರ್, ಐವತ್ತು ಮಕ್ಕಳು, ನಲವತ್ತು ನಿಮಿಷ. ಒಬ್ಬೊಬ್ಬರಿಗೆ ಒಂದು ನಿಮಿಷವೂ ಬರಲ್ಲ. ಲೆಕ್ಕ ಮಾಡಿ” ಎಂದು ವಾದಕ್ಕಿಳಿದೆ. ಅವರು ಮಕ್ಕಳನ್ನು ಕನ್ನಡದಲ್ಲಿ ಕೇಳಿದರು: “ಮನೇಲಿ ತೆಲುಗು ಆಡೋರು ಯಾರ್ಯಾರು?” ಅರ್ಧಕ್ಕಿಂತ ಹೆಚ್ಚು ಕೈ ಎದ್ದವು. “ಮತ್ತೆ ಕನ್ನಡ ಯಾರು ಕಲಿಸಿದ್ರು?”

ಕಿಟಕಿ ಪಕ್ಕದ ಹುಡುಗಿ, ಅವಳ ಅಪ್ಪ ರೇಷ್ಮೆ ಸೀರೆ ನೇಯುವವನು, ಎದ್ದು ನಿಂತಳು. “ಯಾರೂ ಕಲಿಸ್ಲಿಲ್ಲ ಸಾರ್. ನಲ್ಲಿತಾವ ಜಗಳ ಆಡ್ತಾ ಆಡ್ತಾ ಬಂತು.”

“ಅದೆಂಗೆ?”

“ನಾವು ‘ಏಮೇ, ಮಾ ಬಿಂದೆ ಮುಂದರ ಪೆಟ್ಟಿನಾಮು’ ಅಂತಿದ್ವಿ. ಆ ಕಡೆ ಬೀದಿಯೋರಿಗೆ ತಿಳೀತಿರ್ಲಿಲ್ಲ. ನಮ್ ಕೊಡ ಎತ್ತಿ ಆಚೆ ಇಕ್ಕಿ ಅವ್ರು ಹಿಡ್ಕಂಡು ಹೋಗೋರು. ಆಮ್ಯಾಕೆ ‘ನಮ್ ಕೊಡ ಮುಂಚೆ ಇಟ್ಟಿದ್ವಿ ಕಣೇ’ ಅನ್ನಾಕೆ ಕಲಿತ್ವಿ. ನೀರು ಬೇಕಲ್ಲ ಸಾರ್.”

ಈಗ ಇಡೀ ತರಗತಿ ನಕ್ಕಿತು.

ಬಸ್‌ಸ್ಟಾಂಡಿನ ಚಹಾ ಅಂಗಡಿಯಲ್ಲಿ ಅವರು ನನ್ನನ್ನು ಕೇಳಿದ್ದು ಒಂದೇ ಮಾತು: “ನಿನಗೆ ಇಂಗ್ಲಿಷ್ ಹೇಗೆ ಬಂತು?” ಚರ್ಚಾಕೂಟದಲ್ಲಿ, ಎದುರಿನವರ ಮಾತಿಗೆ ತಿರುಗಿ ಉತ್ತರ ಕೊಡದೆ ವಿಧಿಯಿಲ್ಲದಾಗ ಬಂತು ಎಂದೆ. ಹೇಳಿ ಮುಗಿಸಿದ ಮೇಲೆ ನಾನು ಏನು ಹೇಳಿದೆ ಎಂಬುದು ನನಗೇ ಕೇಳಿಸಿತು. ಅವರು ಚಹಾ ಊದಿಕೊಂಡು ಕುಡಿಯುತ್ತಿದ್ದರು. ಗೆದ್ದವರಂತೆ ನಕ್ಕಿದ್ದರೆ ಎದ್ದು ಹೋಗಿಬಿಡುತ್ತಿದ್ದೆ.

“ಆ ಪುಸ್ತಕವನ್ನ ನಾವು ಮಕ್ಕಳು ಮಾತಾಡಲಿ ಅಂತಲೇ ಬರೆದದ್ದು” ಎಂದರು. “ಅಂಬಿಗನ ಪಾಠದ ಕೊನೇಲಿ ಇಬ್ಬಿಬ್ಬರು ಕೂತು ಮಾತಾಡೋ ಒಂದು ಅಭ್ಯಾಸ ಇದೆ. ನೀನು ಓದಿದ್ದೀಯಾ?”

“ಅದನ್ನ ನಮ್ಮ ಮೇಷ್ಟ್ರು ಪೆನ್ಸಿಲ್ಲಿನಲ್ಲಿ ಹೊಡೆದು ಹಾಕಿಸ್ತಿದ್ರು ಸಾರ್. ಪರೀಕ್ಷೆಗೆ ಬರಲ್ಲ ಅಂತ.”

ಅವರು ಚಹಾದ ಲೋಟ ಕೆಳಗಿಟ್ಟರು. ವಿದೇಶದಲ್ಲಿ ಓದಿ ಬಂದು, ಬೆಂಗಳೂರಿನಲ್ಲಿ ಕೂತು ಪುಸ್ತಕ ಬರೆದು, ತರಬೇತುದಾರರಿಗೆ ತರಬೇತಿ ಕೊಟ್ಟು, ಜಿಲ್ಲೆ ಜಿಲ್ಲೆಗೆ ಕಾರಿನಲ್ಲಿ ಹೋಗಿ ಶಿಬಿರ ಉದ್ಘಾಟನೆ ಮಾಡಿ, ಊಟ ಮಾಡಿ ಹಿಂತಿರುಗಿದ ಕಥೆಯನ್ನು ಆಮೇಲೆ ಹೇಳಿದರು. “ಪಾಠ ನಡೀತಿರೋ ತರಗತಿಯೊಳಗೆ ಕೂತದ್ದು ಎಷ್ಟು ಸಲ ಅಂತ ನೆನಪು ಮಾಡ್ಕೊಂಡೆ, ಮೊನ್ನೆ ನೀನು ಬೈದ ಮೇಲೆ. ಕೈಬೆರಳು ಸಾಕು.” ಮೂರು ದಿನದ ಶಿಬಿರಕ್ಕೆಂದು ಬಂದಿದ್ದ ಅವರು, ಅದು ಮುಗಿದರೂ ಹಿಂತಿರುಗದೆ, ಚಳ್ಳಕೆರೆಯಲ್ಲಿ ಎಣ್ಣೆ ಮಿಲ್ಲಿನ ಗುಮಾಸ್ತರೊಬ್ಬರ ಮನೆಯ ಮಹಡಿಯಲ್ಲಿ ಕೋಣೆ ಹಿಡಿದರು. ಪ್ರತಿ ಸೋಮವಾರ ನಮ್ಮ ಶಾಲೆ. ಉಳಿದ ದಿನ ಬೇರೆ ಬೇರೆ ಶಾಲೆಯ ಕೊನೆ ಬೆಂಚು.

ನಾನು ಒಪ್ಪಿದೆ ಎಂದು ತಿಳಿಯಬೇಡಿ. ನಲ್ಲಿಯ ಜಗಳದ ಹಿಂದೆ ನೀರಿನ ಅಗತ್ಯವಿತ್ತು, ಇಂಗ್ಲಿಷಿನ ಅಗತ್ಯ ಈ ಊರಿನಲ್ಲಿ ಯಾರಿಗಿದೆ ಎಂದು ಕೇಳಿದೆ. ಒಳ್ಳೆಯ ಪ್ರಶ್ನೆ, ಉತ್ತರ ಗೊತ್ತಿಲ್ಲ ಎಂದರು. ಉತ್ತರ ಗೊತ್ತಿಲ್ಲ ಅನ್ನುವ ತಜ್ಞರನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಎಂಟನೇ ತರಗತಿಯಲ್ಲಿ ಅರ್ಧವಾರ್ಷಿಕದವರೆಗೆ ಇಂಗ್ಲಿಷಿನಲ್ಲಿ ನಲ್ಲಿಯ ಜಗಳ ಆಡಿಸಿ ನೋಡುವುದೆಂದು ನಾನೇ ನಿರ್ಧರಿಸಿದೆ. ಆದೀತೋ ಇಲ್ಲವೋ, ಮಾಡಿ ನೋಡದೆಯೇ ‘ಆಗುವುದಿಲ್ಲ’ ಎಂದು ವಾದಿಸುವುದು ಮಾತ್ರ ಸೋಮಾರಿಗಳ ವಾದ.

ಮುಖ್ಯೋಪಾಧ್ಯಾಯರು ನೇರ ಮನುಷ್ಯ. “ಮೇಡಂ, ನಂದೊಂದು ಮಾತು ಕೇಳ್ರಿ. ದೊಡ್ಡೋರು ಬರ್ತಾರೆ, ಹೋಗ್ತಾರೆ. ಫಲಿತಾಂಶದ ಹಾಳೆ ಇಲ್ಲೇ ಇರ್ತೈತೆ. ಅರ್ಧವಾರ್ಷಿಕದಾಗೆ ಪಾಸಾಗೋರು ಕಮ್ಮಿಯಾದ್ರೆ ಆಡಳಿತ ಮಂಡಳಿ ಮುಂದೆ ಇಡ್ತೀನಿ. ಎಂಟನೇ ಕ್ಲಾಸು ನನ್ ಕೈಗೆ ಬರ್ತೈತೆ, ಗೈಡ್ ಇಟ್ಕಂಡು ನಾನೇ ಮಾಡ್ತೀನಿ. ನೀವು ಬೇರೆ ಸ್ಕೂಲು ನೋಡ್ಕಳ್ರಿ.” ನನ್ನದು ವರ್ಷ ವರ್ಷ ಮುಂದುವರಿಸುವ ಕೆಲಸ. ನೋಡಿಕೊಳ್ಳಲು ಬೇರೆ ಸ್ಕೂಲು ಇರಲಿಲ್ಲ.

ಮೊದಲ ವಾರ ಹಾಳಾಯಿತು. ಎರಡು ಪ್ಲಾಸ್ಟಿಕ್ ಕೊಡ ತಂದು ಮೇಜಿನ ಮೇಲಿಟ್ಟು, ಇದೇ ನಲ್ಲಿ, ಇಂಗ್ಲಿಷಿನಲ್ಲಿ ಜಗಳವಾಡಿ ಎಂದೆ. ಒಬ್ಬರೂ ಬಾಯಿ ಬಿಡಲಿಲ್ಲ. ಅವರ ಮೌನ ತಡೆಯಲಾರದೆ ನಾನೇ ಎರಡೂ ಕಡೆಯಿಂದ ಜಗಳವಾಡಿದೆ. ಕೊನೆ ಬೆಂಚಿನಿಂದ ಕೆಮ್ಮು ಕೇಳಿಸಿತು. ನೋಟ್‌ಬುಕ್ಕಿನಲ್ಲಿ ನನ್ನ ಕಡೆ ಮತ್ತೆ ಕಪ್ಪು.

“ಏನು ಮಾಡಲಿ ಸಾರ್? ಸುಮ್ಮನಿರೋದು ನನಗೆ ಯಾರೂ ಕಲಿಸಿಲ್ಲ” ಎಂದೆ.

ಉಪಾಯ ಹೊಳೆದದ್ದು ಚಳ್ಳಕೆರೆಯ ಸಂತೆಯಲ್ಲಿ. ಕಾಲು ಕೆಜಿ ಕಲ್ಲುಸಕ್ಕರೆ ಕೊಂಡೆ. ಕೊಡ ಮೇಜಿನ ಮೇಲಿಟ್ಟು ಒಂದು ದಪ್ಪ ಹರಳು ಬಾಯಿಗೆ ಹಾಕಿಕೊಳ್ಳುವುದು. ಅದು ಕರಗುವವರೆಗೆ ನಾನು ಮಾತಾಡುವುದಿಲ್ಲ, ಅಗಿಯುವುದೂ ಇಲ್ಲ. ಮಕ್ಕಳು ಕೇಳಿದ ಪದವನ್ನು ಬೋರ್ಡಿನ ಮೇಲೆ ಬರೆಯುತ್ತೇನೆ, ಅಷ್ಟೇ. ಮೊದಲ ಹರಳು ಕರಗಿತು, ತರಗತಿ ನನ್ನನ್ನೇ ನೋಡುತ್ತಿತ್ತು. ಎರಡನೆಯದು ಹಾಕಿಕೊಂಡೆ. ಅರ್ಧ ಕರಗಿತ್ತೇನೋ, ನೇಕಾರರ ಹುಡುಗಿ ಕೇಳಿದಳು: “ಮಿಸ್, ‘ಮುಂಚೆ’ ಅನ್ನಾಕೆ ಏನಂತಾರೆ?” ಬರೆದೆ. ಅವಳು ಎದ್ದು ಬಂದು ಕೊಡ ಮುಂದಕ್ಕೆ ತಳ್ಳಿದಳು. “ಮೈ ಪಾಟ್ ಫಸ್ಟ್!”

ಎದುರು ಬೆಂಚಿನವಳಿಗೆ ರೇಗಿತು. “ನೋ! ಯುವರ್ ಪಾಟ್...” ನನ್ನ ಕಡೆ ತಿರುಗಿ, “ಮಿಸ್, ‘ಸುಳ್ಳಿ’?” ಬರೆದೆ. “ಯು ಲಯರ್! ಯು ಕಮ್ ಲೇಟ್!”

“ಯು ಕಮ್ ಲೇಟ್! ಯುವರ್ ಮದರ್ ಕಮ್ ಲೇಟ್!”

“ಏಯ್, ಅವ್ವನ್ ಸುದ್ದಿಗ್ಯಾಕ್ ಬರ್ತೀಯೇ?”

“ಕನ್ನಡ ಬ್ಯಾಡ, ಇಂಗ್ಲಿಷ್ನಾಗ್ ಬೈಯಿ!” ಎಂದು ತರಗತಿಯೇ ಕೂಗಿತು.

ಮುಖ್ಯೋಪಾಧ್ಯಾಯರು ಬಾಗಿಲಿಗೆ ಬಂದರು. ನಾನು ಬಾಯಿ ತೋರಿಸಿ, ಮಾತಾಡಲಾರೆ ಎಂದು ಸನ್ನೆ ಮಾಡಿದೆ. ಹಲ್ಲುನೋವು ಎಂದುಕೊಂಡು ಹೋದರು.

ಕೊಡದ ಜಗಳ ಹಳತಾದ ಮೇಲೆ ಬಸ್ಸಿನ ಸೀಟಿನ ಜಗಳ, ಮುರಿದ ಬೆಂಚು ಯಾರಿಗೆ ಎಂಬ ಜಗಳ, ಪಾಠದ ಅಂಬಿಗ ಹೇಡಿಯೋ ಜಾಣನೋ ಎಂಬ ಜಗಳ. ಎರಡು ತಿಂಗಳಾಗುವಷ್ಟರಲ್ಲಿ ಆ ಹುಡುಗಿಯ ಅಪ್ಪ ಶಾಲೆಗೇ ಬಂದ, ಹೆಗಲ ಮೇಲೆ ರೇಷ್ಮೆ ಎಳೆಯ ಚೂರು ಅಂಟಿದ್ದಂತೆಯೇ.

“ಏನ್ ಮೇಡಂ ಇದು? ನಮ್ ಹುಡುಗಿ ಮಗ್ಗದತಾವ ಕುಂತ್ಕಂಡು ಅವ್ರವ್ವಂಗೆ ಇಂಗ್ಲಿಷ್ನಾಗೆ ಬೈತಾಳೆ.”

“ಏನಂತ ಬೈತಾಳೆ?”

“ಅದು ತಿಳಿದಿದ್ರೆ ನಾನ್ಯಾಕೆ ಇಲ್ಲಿಗಂಟ ಬರ್ತಿದ್ದೆ?”

ಅರ್ಧವಾರ್ಷಿಕ ಪರೀಕ್ಷೆ ಬಂತು. ಪ್ರಶ್ನೆಪತ್ರಿಕೆ ಎಂದಿನಂತೆ ಗೈಡಿನಿಂದಲೇ ಇಳಿದದ್ದು. ನಾನು ಉತ್ತರಪತ್ರಿಕೆ ತಿದ್ದಲು ಕೂತೆ. ಬಾಯಿಪಾಠದ ಜಾಣರು ಸ್ವಂತ ವಾಕ್ಯ ಬರೆಯಲು ಹೋಗಿ ಅಂಕ ಕಳೆದುಕೊಂಡಿದ್ದರು. ಹಿಂದೆ ಖಾಲಿ ಹಾಳೆ ಕೊಡುತ್ತಿದ್ದವರು ಏನೇನೋ ಬರೆದಿದ್ದರು, ಆದರೆ ಪಾಸಾಗುವಷ್ಟಲ್ಲ. ಅಂಬಿಗ ಯಾಕೆ ಹೊಳೆ ದಾಟಲಿಲ್ಲ ಎಂಬುದಕ್ಕೆ ಒಬ್ಬ ಹುಡುಗ, “ಹಿ ಹ್ಯಾವ್ ಫೀವರ್, ಹಿ ಟೆಲ್ ಲೈ ಸ್ಕೈ” ಎಂದು ಬರೆದಿದ್ದ. ಜ್ವರ ಬಂದಿತ್ತು, ಆಕಾಶದ ಸುಳ್ಳು ನೆಪ ಹೇಳಿದ ಅಂತ. ಅದು ನನಗೆ ಅದುವರೆಗೆ ಸಿಕ್ಕಿದ ಅತ್ಯುತ್ತಮ ಉತ್ತರ. ಸೊನ್ನೆ ಕೊಡಬೇಕಾಯಿತು. ಒಟ್ಟಿನಲ್ಲಿ ಪಾಸಾದವರು ಹಿಂದಿಗಿಂತ ಮೂವರು ಕಡಿಮೆ.

ಶನಿವಾರ ಆಡಳಿತ ಮಂಡಳಿಯ ಸಭೆ ಎಂದು ಗೊತ್ತಾಯಿತು. “ನಾನು ಬರಲೇನಮ್ಮಾ?” ಎಂದು ದೊಡ್ಡ ಮೇಷ್ಟ್ರು ಕೇಳಿದರು.

“ಬೇಡ ಸಾರ್. ನೀವು ಬಂದರೆ ಶಾಲು ಹೊದಿಸಿ ಒಪ್ಪಿಕೊಳ್ತಾರೆ. ಅದು ಮರ್ಯಾದೆ, ವಾದ ಅಲ್ಲ. ನೀವು ಚಳ್ಳಕೆರೆಗೆ ಹೋದ ಮರುದಿನ ಗೈಡ್ ವಾಪಸ್ ಬರುತ್ತೆ. ನಿಮ್ಮ ಪುಸ್ತಕಕ್ಕೆ ಆದದ್ದೂ ಅದೇ.”

ನಿಷ್ಠುರದ ಮಾತು. ಅವರು ತಲೆಯಾಡಿಸಿದರು. “ಸರಿ. ನಾನು ಬಸ್‌ಸ್ಟಾಂಡಲ್ಲಿ ಕೂತಿರ್ತೀನಿ.”

ಸಭೆಗೆ ನಾಲ್ಕು ಜನ ಹುಡುಗಿಯರನ್ನು ಕರೆದುಕೊಂಡು ಹೋದೆ. ಐದು ಪುಟದ ವಾದ ಸಿದ್ಧವಾಗಿತ್ತು. ಎದುರಾಳಿ ಏನು ಹೇಳಬಹುದು, ಅದಕ್ಕೆ ಏನು ಉತ್ತರ, ಎಲ್ಲ. ಮುಖ್ಯೋಪಾಧ್ಯಾಯರು ಅಂಕಪಟ್ಟಿ ಓದಿದರು. ಒಂದು ಅಂಕವನ್ನೂ ತಿರುಚಲಿಲ್ಲ. ರೇಷ್ಮೆ ಸೀರೆ ವ್ಯಾಪಾರಿಗಳಾದ ಅಧ್ಯಕ್ಷರು ನನ್ನ ಕಡೆ ನೋಡಿದರು. “ನೀವೇನಂತೀರಿ ಮೇಡಂ? ಮಾತಿನಾಗೆ ನಿಮ್ಮನ್ನ ಸೋಲಿಸೋರಿಲ್ಲಂತೆ?”

ಅದು ನಿಜವಾಗಿತ್ತು. ಆ ಕೋಣೆಯಲ್ಲಿ ನಾನು ಗೆಲ್ಲಬಲ್ಲೆ ಎಂದು ನನಗೆ ಗೊತ್ತಿತ್ತು. ಆದರೆ ನಾನು ಗೆದ್ದರೆ ಸಾಬೀತಾಗುವುದು ನನಗೆ ಮಾತು ಬರುತ್ತದೆ ಎಂಬುದು ಮಾತ್ರ. “ಮಾತಾಡೋದು ಅವರು ಸಾರ್” ಎಂದು ಹುಡುಗಿಯರನ್ನು ತೋರಿಸಿ, ಒಂದು ಹರಳು ಕಲ್ಲುಸಕ್ಕರೆ ಬಾಯಿಗೆ ಹಾಕಿಕೊಂಡೆ.

ಹುಡುಗಿಯರು ಮರಗಟ್ಟಿ ನಿಂತರು. ಗೋಡೆ ಗಡಿಯಾರದ ಸದ್ದು, ಹೊರಗೆ ಎಲ್ಲಿಂದಲೋ ಮಗ್ಗದ ಸದ್ದು. ಮುಖ್ಯೋಪಾಧ್ಯಾಯರು ನಿಟ್ಟುಸಿರು ಬಿಟ್ಟರು. ಹರಳು ಅಗಿದು ನುಂಗಿ ಮಾತು ಶುರುಮಾಡಲು ನನ್ನ ದವಡೆ ತವಕಿಸುತ್ತಿತ್ತು. ಅಗಿಯಲಿಲ್ಲ.

ಅಧ್ಯಕ್ಷರಿಗೇ ಮುಜುಗರವಾಗಿರಬೇಕು. ಪಕ್ಕದ ಚೀಲದಿಂದ ಒಂದು ಸೀರೆ ತೆಗೆದು ಮೇಜಿನ ಮೇಲೆ ಬಿಡಿಸಿದರು. ಬೆಂಗಳೂರಿನ ಅಂಗಡಿಗಳ ಜೊತೆ ವ್ಯಾಪಾರ ಮಾಡಿ ಕಲಿತ ಇಂಗ್ಲಿಷಿನಲ್ಲಿ, ಸೆರಗು ಹಿಡಿದು ಮುಖ ಸಿಂಡರಿಸಿಕೊಂಡು ಹೇಳಿದರು: “ದಿಸ್ ಸಾರಿ ನೋ ಗುಡ್. ಕಲರ್ ಗೋಯಿಂಗ್.”

ನೇಕಾರರ ಹುಡುಗಿ ತಲೆಯೆತ್ತಿದಳು. “ನೋ ಸರ್! ಕಲರ್ ನಾಟ್ ಗೋಯಿಂಗ್!”

“ಗೋಯಿಂಗ್, ಗೋಯಿಂಗ್. ಒನ್ ವಾಶ್, ಆಲ್ ಗೋಯಿಂಗ್.”

“ಹೂ ವಾಶ್?” ಅವಳು ಒಂದು ಹೆಜ್ಜೆ ಮುಂದೆ ಬಂದಳು. “ಯು ವಾಶ್ ಹಾಟ್ ವಾಟರ್. ಯುವರ್ ಮಿಸ್ಟೇಕ್! ಮೈ ಫಾದರ್ ವೀವ್ ಟ್ವೆಂಟಿ ಡೇಸ್. ಯು ವಾಶ್ ಒನ್ ಡೇ, ಯು ಸೇ ನೋ ಗುಡ್?” ಹಿಂದಿದ್ದವಳು ಸೇರಿಸಿದಳು: “ಸೀ ಬಾರ್ಡರ್ ಸರ್! ಸೀ, ದೆನ್ ಟಾಕ್!”

ಅಧ್ಯಕ್ಷರು ಸೀರೆ ಕೆಳಗಿಟ್ಟು ನಗತೊಡಗಿದರು. “ಅಲ್ರೀ, ಬೆಂಗಳೂರೋರು ಹಿಂಗೇ ಅಂತಾರೆ. ನಾನು ತಲೆ ತಗ್ಗಿಸ್ಕಂಡು ರೇಟು ಇಳಿಸಿ ಬರ್ತೀನಿ. ಬಿಸಿ ನೀರಿನ ಮಾತು ನಂಗೆ ಹೊಳೀಲೇ ಇಲ್ಲ ನೋಡ್ರಿ.”

“ಗ್ರಾಮರ್ ಒಂದೂ ಸರಿಯಿಲ್ಲ ಸಾರ್” ಎಂದರು ಮುಖ್ಯೋಪಾಧ್ಯಾಯರು. ಅವರು ಹೇಳಿದ್ದೂ ನಿಜವೇ.

“ಇಲ್ಲ ಮೇಷ್ಟ್ರೇ. ಆದ್ರೆ ನಂಗೆ ಪೂರಾ ತಿಳೀತು.”

ನಿರ್ಧಾರ ಅರ್ಧಂಬರ್ಧ. ಎಂಟನೇ ತರಗತಿ ವಾರ್ಷಿಕ ಪರೀಕ್ಷೆಯವರೆಗೆ ನನ್ನ ಬಳಿಯೇ. ವಾರಕ್ಕೆ ಮೂರು ದಿನ ಜಗಳ, ಎರಡು ದಿನ ಗೈಡು. ವಾರ್ಷಿಕದಲ್ಲೂ ಪಾಸಾಗುವವರು ಕಡಿಮೆಯಾದರೆ ಮಾತಿಲ್ಲ. ನನಗೆ ಈ ಎರಡು ದಿನದ ಬಗ್ಗೆ ದೊಡ್ಡ ತಕರಾರಿತ್ತು. ಬಾಯಲ್ಲಿ ಹರಳಿತ್ತು, ತಲೆಯಾಡಿಸಿದೆ. ವಾರ್ಷಿಕದಲ್ಲಿ ಆ ಮೂವರ ಕೊರತೆ ತುಂಬಿತು. ಹಿಂದಿಗಿಂತ ಒಬ್ಬರೂ ಹೆಚ್ಚಾಗಲಿಲ್ಲ. ನನ್ನನ್ನು ಮುಂದುವರಿಸಿದರು. ಕೆಲ ವರ್ಷಗಳ ನಂತರ ಪುಸ್ತಕ ಪರಿಷ್ಕರಣೆಗೆಂದು ದೊಡ್ಡ ಮೇಷ್ಟ್ರನ್ನು ಮತ್ತೆ ಕರೆದಾಗ, ಬರೆಯುವವರೆಲ್ಲ ಮೊದಲು ಒಂದು ತಿಂಗಳು ಹಳ್ಳಿ ಶಾಲೆಯ ಕೊನೆ ಬೆಂಚಿನಲ್ಲಿ ಕೂರಬೇಕು ಎಂದು ಷರತ್ತು ಹಾಕಿದರಂತೆ. ಎಷ್ಟು ಜನ ಕೂತರು ಎಂದು ನಾನು ಕೇಳಿದೆ. ಇಬ್ಬರು ಎಂದರು. ಅವರ ವೃತ್ತಿಜೀವನದ ದೊಡ್ಡ ಸಾಧನೆ ಆ ಇಬ್ಬರು ಎಂದು ನಾನು ವಾದಿಸುತ್ತೇನೆ. ಶಾಲು ಹೊದಿಸಿದವರು ಒಪ್ಪಲಿಕ್ಕಿಲ್ಲ.

ಸಭೆಯ ನಂತರದ ಸೋಮವಾರ ಅವರು ಎಂದಿನಂತೆ ಬಂದು ಶಾಲು ಮಡಿಸಿ ಹಾಕಿಕೊಂಡು ಕೂತರು. ಕೊಡಗಳನ್ನು ಇಟ್ಟೆ. ನೇಕಾರರ ಹುಡುಗಿ ಕೊಡ ಮುಟ್ಟಲಿಲ್ಲ. ಹಿಂದಕ್ಕೆ ತಿರುಗಿ ಸೊಂಟದ ಮೇಲೆ ಕೈಯಿಟ್ಟು ಅವರನ್ನೇ ಕೇಳಿದಳು: “ಸರ್, ಎವೆರಿ ಮಂಡೇ ಯು ಕಮ್. ಯು ಸಿಟ್ ಬ್ಯಾಕ್. ಯು ರೈಟ್, ರೈಟ್, ರೈಟ್. ಯು ನಾಟ್ ಟಾಕ್. ವೈ?”

ಯಾವ ಗೈಡಿನಲ್ಲೂ ಇಲ್ಲದ ಪ್ರಶ್ನೆ. ಅವರ ಮುಖ ಅರಳಿತು. ಇಡೀ ಜನ್ಮದ ಉತ್ತರ ಬಾಯಿಗೆ ಬಂದವರಂತೆ ಮುಂದಕ್ಕೆ ಬಾಗಿ, ಉಸಿರು ತೆಗೆದುಕೊಂಡು, “ವೆಲ್, ಮೈ ಡಿಯರ್ ಚೈಲ್ಡ್...” ಎಂದು ಶುರುಮಾಡಿದರು.

ನಾನು ಬೆಂಚುಗಳ ನಡುವೆ ನಡೆದು ಹೋಗಿ ಅವರ ಮುಂದೆ ಕಲ್ಲುಸಕ್ಕರೆಯ ಪೊಟ್ಟಣ ಹಿಡಿದೆ. ಅವರು ಒಂದು ಕ್ಷಣ ನನ್ನನ್ನು ನೋಡಿದರು. ಇರುವುದರಲ್ಲಿ ದೊಡ್ಡ ಹರಳು ಆರಿಸಿ ಬಾಯಿಗೆ ಹಾಕಿಕೊಂಡು, ಪುಟದ ಬಲಗಡೆ ಒಂದು ಗೀಟು ಎಳೆದರು.